ಡಾಟ್ ಟಿವಿ ಡೊಮೇನ್ ತಗೋಳೋದು ಹೇಗೆ? ಆಫರ್ ರೇಟ್ ನೋಡಿ ಮರುಳಾಗ್ಬೇಡಿ

ಯೂಟ್ಯೂಬ್ ಚಾನೆಲ್ ಸ್ವಲ್ಪ ಓಡೋಕೆ ಶುರುವಾದ ಕೂಡ್ಲೇ ಎಲ್ರಿಗೂ ತಮ್ಮ ಡೊಮೇನ್, ಅಂದ್ರೆ ವೆಬ್‌ಸೈಟ್ ವಿಳಾಸದ ಕೊನೆಗೆ ಡಾಟ್ ಟಿವಿ ಬೇಕು. ತಗೊಳ್ಳಿ, ಲೈವ್ ಸ್ಟ್ರೀಮಿಂಗ್ ಸೈಟ್ ಟ್ವಿಚ್ ಕೂಡ ಅದ್ರಲ್ಲೇ ಇರೋದು. ಆದ್ರೆ ಅದು ಪೆಸಿಫಿಕ್ ಸಾಗರದ ತುವಾಲು ದೇಶದ ಕೋಡ್, ಅಲ್ಲಿನ ಜನಸಂಖ್ಯೆ ಹೆಚ್ಚುಕಮ್ಮಿ 11,000 ಅಷ್ಟೇ. ಇದನ್ನ ಅಮೆರಿಕದ ಕಂಪನಿಗೆ ಗುತ್ತಿಗೆ ಕೊಟ್ಟು ಬಂದ ದುಡ್ಡಿಂದಲೇ ಅವರು 2000ರಲ್ಲಿ ವಿಶ್ವಸಂಸ್ಥೆ ಸೇರಿದ್ದು. ಈಗ ಇದರ ರಿಜಿಸ್ಟ್ರಿ, ಅಂದ್ರೆ ಎಲ್ಲ ಡಾಟ್ ಟಿವಿ ಹೆಸರುಗಳ ಮೂಲ ಪಟ್ಟಿ ನಡೆಸೋದು ಗೋಡ್ಯಾಡಿ ಕಂಪನಿಯವರು. ಡಾಟ್ ಕಾಮ್‌ಗೆ ಇರೋ ಥರ ರೇಟಿಗೆ ಮಿತಿ ಹಾಕೋರು ಇಲ್ಲಿ ಯಾರೂ ಇಲ್ಲ, ಇದು ತಲೇಲಿರ್ಲಿ.

1. ಡೊಮೇನ್ ಮಾರೋ ಕಂಪನಿಯ ಸೈಟಲ್ಲಿ ಹೆಸರು ಹುಡುಕಿ. ಚಿಕ್ಕದಿರ್ಲಿ, ಹೈಫನ್ ಬೇಡ.

2. ರೇಟ್ ನೋಡಿ. ಎಲ್ರೂ ಎಡವೋದು ಇಲ್ಲೇ. ದಪ್ಪ ಅಕ್ಷರದಲ್ಲಿರೋದು ಮೊದಲ ವರ್ಷದ ಆಫರ್, ಅದರ ಕೆಳಗೆ ಬೂದು ಬಣ್ಣದಲ್ಲಿ ಸಣ್ಣಗೆ ರಿನ್ಯೂವಲ್ ರೇಟ್ ಇರುತ್ತೆ, ಕೆಲವು ಕಡೆ ಕಾರ್ಟ್‌ಗೆ ಹಾಕಿದ್ಮೇಲೇ ಕಾಣೋದು, ಜಿಎಸ್‌ಟಿ ಅದಕ್ಕಿಂತ ಕೊನೆಗೆ. ಪ್ರೀಮಿಯಂ (ಬೇಡಿಕೆ ಇರೋ ಹೆಸರಿಗೆ ಜಾಸ್ತಿ ರೇಟು) ಅಂತ ಚೀಟಿ ಇದ್ರೆ ಅಲ್ಲೇ ನಿಲ್ಲಿ, ಪ್ರತಿ ವರ್ಷವೂ ಅದೇ ಪ್ರೀಮಿಯಂ ರೇಟಾ ಅಂತ ಚಾಟ್‌ನಲ್ಲಿ ಕೇಳಿ, ಉತ್ತರದ ಸ್ಕ್ರೀನ್‌ಶಾಟ್ ಇಟ್ಕೊಳ್ಳಿ. ಐದು ವರ್ಷದ ಒಟ್ಟು ಲೆಕ್ಕ ಹಾಕಿ ಎರಡು ಮೂರು ಕಂಪನಿ ಹೋಲಿಸಿ, ಮೊದಲ ವರ್ಷದ ರೇಟ್ ಹೋಲಿಸೋದು ವೇಸ್ಟು. (ಡಾಟ್ ಎಐ ಬೇಕು ಅನ್ನೋರಿಗೆ: ಅದು ಅಂಗ್ವಿಲಾ ದ್ವೀಪದ್ದು, ಕನಿಷ್ಠ 2 ವರ್ಷದ ದುಡ್ಡು ಒಟ್ಟಿಗೇ ಕಟ್ಬೇಕು.)

ಇನ್ನು ಫ್ರೀ ಡೊಮೇನ್ ಅಂತ ಯಾರಾದ್ರೂ ಹೇಳಿದ್ರೆ ಹತ್ತಿರಾನೂ ಹೋಗ್ಬೇಡಿ. ಟೊಕೆಲಾವ್ ದ್ವೀಪದ ಡಾಟ್ ಟಿಕೆ ವರ್ಷಗಟ್ಟಲೆ ಪುಕ್ಕಟೆ ಸಿಕ್ತಿತ್ತು, ಮೋಸಗಾರರೆಲ್ಲ ಅಲ್ಲೇ ಸೇರ್ಕೊಂಡ್ರು, 2023ರಲ್ಲಿ ಹೊಸ ಹೆಸರು ಕೊಡೋದೇ ನಿಂತೋಯ್ತು.

3. ನಿಮ್ಮ ಹೆಸರಲ್ಲೇ ತಗೊಳ್ಳಿ. ವೆಬ್‌ಸೈಟ್ ಮಾಡೋ ಹುಡುಗ "ನಾನೇ ತಗೋತೀನಿ ಸಾರ್" ಅಂದ್ರೂ ಬೇಡ, ಅಕೌಂಟ್ ನಿಮ್ದಿರ್ಲಿ, ಅವನಿಗೆ ಬೇಕಾದಷ್ಟು ಆಕ್ಸೆಸ್ ಕೊಡಿ ಸಾಕು. ಅಕೌಂಟ್‌ಗೆ ಕೊಡೋ ಇಮೇಲ್ ಅದೇ ಡೊಮೇನಿಂದ ಆಗಬಾರದು, ಡೊಮೇನ್ ಎಕ್ಸ್‌ಪೈರ್ ಆದ್ರೆ ಆ ಇಮೇಲ್ ಕೂಡ ನಿಲ್ಲುತ್ತೆ, ರಿಮೈಂಡರ್ ಓದೋರು ಯಾರು?

4. ದುಡ್ಡು ಕಟ್ಟಿ. ವಿದೇಶಿ ಕಂಪನಿ ಆದ್ರೆ ಮೊದ್ಲು ಬ್ಯಾಂಕ್ ಆ್ಯಪಲ್ಲಿ ಕಾರ್ಡಿನ ಇಂಟರ್‌ನ್ಯಾಷನಲ್ ಬಟನ್ ಆನ್ ಮಾಡಿ. ಆಟೋ ರಿನ್ಯೂ ಹಾಕಿದೀನಲ್ಲ ಅಂತ ನಿದ್ದೆ ಮಾಡ್ಬೇಡಿ, 2021ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕಿನ ಆಟೋ ಪೇಮೆಂಟ್ ನಿಯಮ ಬಂದ್ಮೇಲೆ ನಮ್ಮ ಕಾರ್ಡಿಂದ ಹೊರಗಿನವರು ತಾವೇ ಕಟ್ ಮಾಡ್ಕೊಳ್ಳೋದು ಎಷ್ಟೋ ಸಲ ಫೇಲ್ ಆಗುತ್ತೆ. ಫೋನಲ್ಲಿ ಒಂದು ತಿಂಗಳು ಮುಂಚೆಗೆ ಅಲಾರಂ ಇಡಿ. ಕಾರ್ಟಲ್ಲಿ ತಾನಾಗೇ ಟಿಕ್ ಆಗಿರೋ ಎಸ್‌ಇಒ (ಗೂಗಲ್ ಹುಡುಕಾಟದಲ್ಲಿ ಮೇಲೆ ತರ್ತೀವಿ ಅನ್ನೋ) ಪ್ಯಾಕೇಜ್, ವೆಬ್‌ಸೈಟ್ ಬಿಲ್ಡರ್ ಎಲ್ಲಾ ತೆಗೆದುಹಾಕಿ. ಡಾಟ್ ಟಿವಿ ಆದ್ರೆ ಇಲ್ಲಿನವರಿಗೆ ಹುಡುಕಾಟದಲ್ಲಿ ಸಿಗಲ್ವೇನೋ ಅನ್ನೋ ಭಯ ಬೇಡ, ಅದನ್ನ ಗೂಗಲ್ ತುವಾಲುಗೆ ಮಾತ್ರ ಸೇರಿದ್ದು ಅಂತ ನೋಡಲ್ಲ.

5. ಹೋಸ್ಟಿಂಗ್‌ನವರು (ನಿಮ್ಮ ವೆಬ್‌ಸೈಟ್ ಇಟ್ಕೊಳ್ಳೋ ಕಂಪನಿ) ಕೊಟ್ಟ ನೇಮ್‌ಸರ್ವರ್ (ಡೊಮೇನನ್ನ ಸೈಟಿಗೆ ಜೋಡಿಸೋ ವಿಳಾಸ) ಡೊಮೇನ್ ಅಕೌಂಟಲ್ಲಿ ಹಾಕಿ, ಒಂದು ದಿನ ಕಾಯಿರಿ.