ಬೆಣ್ಣೆ ಹಣ್ಣನ್ನು ಅಕ್ಕಿ ಡ್ರಮ್ಮಿನಲ್ಲಿ ಅಡೆ ಹಾಕಿ

ಮೊಮ್ಮಗಳು ಮೊನ್ನೆ ಬೆಂಗಳೂರಿನಿಂದ ಬಂದಳು. ರಾತ್ರಿ ಕನ್ನಡಿ ಮುಂದೆ ಕೂತು ಒಂದು ಹಸಿರು ಗುಳಿಗೆಯನ್ನು ಪಿನ್ನಿನಿಂದ ಚುಚ್ಚಿ ಒಳಗಿನ ಎಣ್ಣೆ ಮುಖಕ್ಕೆ ಸವರಿಕೊಂಡಳು. ಇನ್ನೊಂದನ್ನು ನುಂಗಿದಳು. ವಿಟಮಿನ್ ಇ ಅಜ್ಜಿ, ಚರ್ಮಕ್ಕೆ ಒಳ್ಳೆಯದು ಅಂದಳು. ಇತ್ತ ನಮ್ಮ ಕಾಫಿ ತೋಟದಲ್ಲಿ ಅದೇ ವಿಟಮಿನ್ ಇರುವ ಬೆಣ್ಣೆ ಹಣ್ಣು, ನೀವು ಅವಕಾಡೊ ಅನ್ನುತ್ತೀರಲ್ಲ ಅದು, ಕೇಳುವವರಿಲ್ಲದೆ ಬಿದ್ದು ಕೊಳೆಯುತ್ತಿದೆ. ಸಿಟ್ಟು ಬಾರದೆ ಇರುತ್ತದಾ?

ಎಣ್ಣೆ ಹಳೆಯದಾದರೆ ಕಮಟು ವಾಸನೆ ಬರುತ್ತದೆ ಅಲ್ವಾ? ಗಾಳಿ ತಾಗಿ ಕೆಟ್ಟದ್ದು ಅದು. ನಮ್ಮ ಮೈಯ ಒಂದೊಂದು ಜೀವಕೋಶದ ಪೊರೆಯಲ್ಲೂ ಕೊಬ್ಬಿದೆ. ಅದು ಹಾಗೆ ಕೆಡದಂತೆ ಕಾಯುವುದು ವಿಟಮಿನ್ ಇ. ನರಕ್ಕೂ ಬೇಕು, ಕಾಯಿಲೆ ತಡೆಯುವ ಶಕ್ತಿಗೂ ಬೇಕು. 1922ರಲ್ಲಿ ಅಮೆರಿಕದ ಬರ್ಕ್‌ಲಿಯಲ್ಲಿ ಇವಾನ್ಸ್ ಮತ್ತು ಬಿಷಪ್ ಅನ್ನುವ ಇಬ್ಬರು ಇದನ್ನು ಕಂಡುಹಿಡಿದರು. ಇದಿಲ್ಲದ ಆಹಾರ ತಿಂದ ಇಲಿಗಳಿಗೆ ಗರ್ಭ ಕಟ್ಟಿದರೂ ಉಳಿಯುತ್ತಿರಲಿಲ್ಲ. ಅದಕ್ಕೇ ಟೊಕೊಫೆರಾಲ್ ಅಂತ ಹೆಸರು, ಗ್ರೀಕ್ ಮಾತಿನಲ್ಲಿ ಮಗು ಹೆರುವುದಕ್ಕೆ ಸಂಬಂಧಿಸಿದ್ದು.

ದೊಡ್ಡವರಿಗೆ ದಿನಕ್ಕೆ 15 ಮಿಲಿಗ್ರಾಂ ಸಾಕು. ಒಂದು ಹಿಡಿ ಬಾದಾಮಿಯೋ ಸೂರ್ಯಕಾಂತಿ ಬೀಜವೋ ತಿಂದರೆ ಅರ್ಧದ ಹತ್ತಿರ ಬಂತು. ಕಡಲೆಕಾಯಿ, ಸೊಪ್ಪಿನ ಪಲ್ಯ, ಸೂರ್ಯಕಾಂತಿ ಎಣ್ಣೆಯ ಒಗ್ಗರಣೆ, ಎಲ್ಲದರಲ್ಲೂ ಇದೆ. ತೆಂಗಿನೆಣ್ಣೆಯಲ್ಲಿ ಮಾತ್ರ ಇಲ್ಲವೆನ್ನುವಷ್ಟು ಕಡಿಮೆ. ಇದು ಕೊಬ್ಬಿನ ಜೊತೆ ಸೇರಿ ಮೈಗೆ ಹತ್ತುವಂಥದ್ದು. ಸೊಪ್ಪನ್ನು ಬರೀ ನೀರಲ್ಲಿ ಬೇಯಿಸಿ ಡಯಟ್ ಅಂತ ತಿನ್ನುವವರು ಒಂದು ಚಮಚ ಎಣ್ಣೆಗೆ ಯಾಕೆ ಹೆದರುತ್ತೀರೋ ನನಗೆ ಅರ್ಥವಾಗುವುದಿಲ್ಲ.

ಬೆಣ್ಣೆ ಹಣ್ಣಿನಲ್ಲಿ ಆ ಕೊಬ್ಬೂ ಇದೆ, ವಿಟಮಿನ್ನೂ ಇದೆ. 100 ಗ್ರಾಂ ತಿರುಳಿಗೆ 2 ಮಿಲಿಗ್ರಾಂ ಹತ್ತಿರ. ಆದರೆ ಈಗಿನ ಹುಡುಗರಿಗೆ ಅದನ್ನು ಹಣ್ಣು ಮಾಡಲಿಕ್ಕೇ ಬರುವುದಿಲ್ಲ. ಕೋಲಿನಿಂದ ಬಡಿದು ಬೀಳಿಸುತ್ತಾರೆ. ಪೆಟ್ಟು ಬಿದ್ದ ಕಡೆ ಒಳಗೆ ಕಪ್ಪಾಗುತ್ತದೆ. ಇಲ್ಲವಾದರೆ ಕಾಯನ್ನೇ ಫ್ರಿಜ್ಜಿಗೆ ತಳ್ಳುತ್ತಾರೆ. ಕಡೆಗೆ ಕಹಿ ಅಂತ ಎಸೆಯುತ್ತಾರೆ.

ಈ ಹಣ್ಣು ಮರದಲ್ಲಿ ಮೆತ್ತಗಾಗುವುದಿಲ್ಲ. ಕಿತ್ತ ಮೇಲೇ ಹಣ್ಣಾಗುವುದು. ಸಿಪ್ಪೆಯ ಹೊಳಪು ಹೋಗಿ ಮಂಕಾದ ಮೇಲೆ ಕೀಳಿ. ಕೋಲಿನ ತುದಿಗೆ ಬಲೆಚೀಲ ಕಟ್ಟಿ, ತೊಟ್ಟು ಒಂದು ಬೆರಳಗಲ ಉಳಿಯುವ ಹಾಗೆ. ತೊಟ್ಟು ಕಿತ್ತುಬಂದರೆ ಆ ತೂತಿನಿಂದಲೇ ಕೊಳೆ ಶುರು. ಒಣ ಬಟ್ಟೆಯಲ್ಲಿ ಒರೆಸಿ, ತೊಳೆಯಬೇಡಿ. ಒಂದೊಂದನ್ನೂ ಹಳೇ ಪೇಪರಿನಲ್ಲಿ ಸುತ್ತಿ, ತೊಟ್ಟು ಮೇಲೆ ಬರುವ ಹಾಗೆ ಅಕ್ಕಿಯೊಳಗೆ ಹುದುಗಿಸಿ. ಒಂದಕ್ಕೊಂದು ತಾಗಬಾರದು. ನಮ್ಮ ಅತ್ತೆ ಭತ್ತದ ಪತ್ತಾಯದಲ್ಲಿ ಇಡುತ್ತಿದ್ದರು. ಸಂಜೆ ದೀಪ ಹಚ್ಚಿದ ಮೇಲೆ ಕೈ ಇಳಿಸಿ, ಕಣ್ಣು ಮುಚ್ಚಿ ತಡವಿ, ಇದು ನಾಳೆಗೆ, ಇದು ನಾಡಿದ್ದಿಗೆ ಅನ್ನುತ್ತಿದ್ದರು. ಒಂದು ದಿನವೂ ತಪ್ಪಿದ್ದಿಲ್ಲ. ನನಗೀಗ ಪತ್ತಾಯವಿಲ್ಲ, ಡ್ರಮ್ಮೇ ಗತಿ. ಹಾಂ, ಡ್ರಮ್ಮಿನ ಮಾತು ಬಂತಲ್ಲ, ಮಳೆಗಾಲದಲ್ಲಿ ಒದ್ದೆ ಕೈ, ಒದ್ದೆ ಸೇರು ಅಕ್ಕಿಗೆ ಇಳಿಸಬೇಡಿ. ಮುಗ್ಗಲು ಹಿಡಿಯುತ್ತದೆ, ಹುಳ ಬೀಳುತ್ತದೆ. ನಮ್ಮ ಮನೆ ಸೊಸೆಗೆ ಎಷ್ಟು ಸಲ ಹೇಳಿದ್ದೇನೋ!

ಮೂರನೇ ದಿನದಿಂದ ನೋಡುತ್ತಾ ಬನ್ನಿ. ಆಷಾಢದ ಚಳಿಯಲ್ಲಿ ವಾರವೂ ಹಿಡಿಯಬಹುದು. ಹೊಟ್ಟೆಯ ಭಾಗ ಅದುಮಬೇಡಿ, ಗಾಯವಾಗುತ್ತದೆ. ತೊಟ್ಟಿನ ಪಕ್ಕ ಹೆಬ್ಬೆರಳಿಂದ ಮೆಲ್ಲಗೆ ಒತ್ತಿ. ಆಮೇಲೆ ತೊಟ್ಟನ್ನು ಉಗುರಿನಿಂದ ಮೀಟಿ. ಸುಲಭವಾಗಿ ಎದ್ದುಬಂದು ಕೆಳಗೆ ಹಸಿರು ಕಂಡರೆ ಹದ. ಕಂದು ಕಂಡರೆ ಹದ ಮೀರಿದೆ. ಏಳದಿದ್ದರೆ ಮತ್ತೆ ಅಕ್ಕಿಗೆ.

ಹದ ಬಂದದ್ದನ್ನು ಗಾಂಧಾರಿ ಮೆಣಸು, ಉಪ್ಪು, ನಿಂಬೆಹುಳಿ ಹಾಕಿ ಹಿಸುಕಿ ಅಕ್ಕಿ ರೊಟ್ಟಿಗೆ ಸವರಿ. ಒಲೆ ಮೇಲೆ ಇಡಬೇಡಿ, ಕಾದರೆ ಕಹಿಯಾಗುತ್ತದೆ.

ಗುಳಿಗೆ ವಿಷಯ ಸುಮ್ನೆ ಬಿಡಲಾರೆ. ಅಮೆರಿಕದಲ್ಲಿ ಸುಮಾರು 35,000 ಗಂಡಸರನ್ನು ಸೇರಿಸಿ ಪರೀಕ್ಷೆ ಮಾಡಿದ್ದರು. 2011ರಲ್ಲಿ ಗೊತ್ತಾಯಿತು, ದಿನಾ 400 ಯೂನಿಟ್ ವಿಟಮಿನ್ ಇ ನುಂಗಿದವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇಕಡಾ 17 ಜಾಸ್ತಿ. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರಿಗೆ ರಕ್ತಸ್ರಾವದ ಅಪಾಯವೂ ಇದೆ. ಮುಖಕ್ಕೆ ಹಚ್ಚಿದರೆ ಕೆಲವರಿಗೆ ತುರಿಕೆ, ದದ್ದು. ಡಾಕ್ಟರು ಬರೆದುಕೊಟ್ಟರೆ ತಗೊಳ್ಳಿ. ಗೆಳತಿ ಹೇಳಿದಳು ಅಂತ ಬೇಡ.

ಅರ್ಧ ಹಣ್ಣು ಉಳಿದರೆ ಬೀಜ ತೆಗೆಯಬೇಡಿ. ನಿಂಬೆಹುಳಿ ಸವರಿ ತಟ್ಟೆ ಮೇಲೆ ಬೋರಲು ಹಾಕಿ ಫ್ರಿಜ್ಜಿನಲ್ಲಿಡಿ. ಮರುದಿನ ಬೆಳಿಗ್ಗೆ ರೊಟ್ಟಿಗೆ ಆಗುತ್ತದೆ.