ರಜೆಯಲ್ಲೇ ಪರೀಕ್ಷಿಸಿ: ಕೊಡಗಿನ ಮನೆಶಾಲೆಗೆ ಕಲಿಕೆ ಸಾಮಗ್ರಿ ಆರಿಸುವ ಬಗೆ

ಮನೆಯಲ್ಲೇ ಕಲಿಯುವ ಮಕ್ಕಳಿಗೆ ಬೇರೆ ರಜೆ ಯಾಕೆ ಎಂದು ಕೇಳುವವರಿದ್ದಾರೆ. ಖಂಡಿತ ಬೇಕು. ಪಾಠದ ಹೊತ್ತಿನಲ್ಲಿ ಅಪ್ಪನೋ ಅಮ್ಮನೋ ಮುಂದಿಟ್ಟದ್ದನ್ನು ಮಗು ಹೇಗೂ ಮಾಡಿ ಮುಗಿಸುತ್ತದೆ. ಆ ಸಾಮಾನು ಅದಕ್ಕೆ ಹಿಡಿಸಿತೋ ಇಲ್ಲವೋ ಎಂಬುದು ಆಗ ತಿಳಿಯುವುದಿಲ್ಲ. ರಜೆಯಲ್ಲಿ ಯಾರೂ ಹೇಳದಿದ್ದರೂ ಮೂರನೇ ದಿನ ಅದೇ ಪೆಟ್ಟಿಗೆಯನ್ನು ತಾನಾಗಿ ಕಪಾಟಿನಿಂದ ಇಳಿಸಿದರೆ ಅದಕ್ಕೆ ದುಡ್ಡು ಹಾಕಬಹುದು. ಇಳಿಸದಿದ್ದರೆ ಸಾಮಾನು ಎಷ್ಟೇ ಚಂದ ಇರಲಿ, ವಾಪಸ್ ಕಳಿಸಿ.

ರಜೆಯನ್ನು ಶಾಲೆಯ ಕ್ಯಾಲೆಂಡರ್ ನೋಡಿ ಇಡಬೇಡಿ, ಮಳೆ ನೋಡಿ ಇಡಿ. ಜೂನ್‌ನಿಂದ ಆಗಸ್ಟ್ ಕೊನೆಯವರೆಗೆ ಮಕ್ಕಳು ಹೇಗೂ ಒಳಗೇ ಇರುತ್ತಾರೆ, ಪಾಠ ಜೋರಾಗಿ ಸಾಗಲಿ. ಸೆಪ್ಟೆಂಬರ್ ಮೊದಲಿಗೆ ಬರುವ ಕೊಡವರ ಕೈಲ್‌ಪೊಳ್ದ್ ಹಬ್ಬ ಕಳೆದು ಮಳೆ ಇಳಿದ ಮೇಲೆ, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣದವರೆಗೆ ಮೊದಲ ರಜೆ. ಕಾಫಿ ಅರಳಿಸುವ ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗಾಗುವ ಫೆಬ್ರವರಿ–ಮಾರ್ಚ್‌ನಲ್ಲಿ ಎರಡನೆಯದು. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಹೊಸ ಕಿಟ್ ತೆರೆಯಬೇಡಿ. ಮೊದಲ ಎರಡು ದಿನ ದೊಡ್ಡವರೊಬ್ಬರು ಪಕ್ಕದಲ್ಲಿರಬೇಕು, ಕೊಯ್ಲಿನಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ದಸರಾ ರಜೆ, ಡಿಸೆಂಬರ್ ಕೊನೆಯ ವಾರ ಮತ್ತು ಶನಿವಾರ–ಭಾನುವಾರ ಮಡಿಕೇರಿ, ದುಬಾರೆ, ನಿಸರ್ಗಧಾಮಗಳು ಪ್ರವಾಸಿಗರಿಂದ ತುಂಬಿರುತ್ತವೆ. ಮಂಗಳವಾರವೋ ಬುಧವಾರವೋ ಹೊರಡುವ ಅನುಕೂಲ ನಮ್ಮಂಥ ಮನೆಗಳಿಗೆ ಇದೆ, ಬಳಸಿಕೊಳ್ಳಿ. 14 ತುಂಬಿದ ಮಗು ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ) ಸೆಕೆಂಡರಿಗೆ, ಅಂದರೆ ಹತ್ತನೇ ತರಗತಿಯ ಮಟ್ಟಕ್ಕೆ, ನೋಂದಾಯಿಸಿಕೊಂಡಿದ್ದರೆ ಮಾತ್ರ ಲೆಕ್ಕ ಬೇರೆ. ಅಲ್ಲಿ ಪರೀಕ್ಷೆ ಏಪ್ರಿಲ್–ಮೇ ಮತ್ತು ಅಕ್ಟೋಬರ್–ನವೆಂಬರ್‌ನಲ್ಲಿ ಬರುವುದರಿಂದ ರಜೆಯನ್ನು ಅದಕ್ಕೆ ತಕ್ಕಂತೆ ಸರಿಸಬೇಕು.

ಒಂದು ಸಾಮಾನು, ಒಂದು ವಾರ

ಒಂದು ಸಲಕ್ಕೆ ಒಂದೇ ಹೊಸ ಸಾಮಾನು. ಎರಡು ಒಟ್ಟಿಗೆ ಬಂದರೆ ಬಣ್ಣ ಹೆಚ್ಚಿರುವುದು ಗೆಲ್ಲುತ್ತದೆ, ಒಳ್ಳೆಯದು ಮೂಲೆ ಸೇರುತ್ತದೆ. ಮೊದಲ ದಿನ ಪೆಟ್ಟಿಗೆ ತೆರೆದು ಚಾಪೆಯ ಮೇಲೆ ಹರಡಿ. ಸೂಚನೆಯ ಹಾಳೆಯನ್ನು ನೀವು ಇಟ್ಟುಕೊಳ್ಳಿ. 40 ನಿಮಿಷ ಏನೂ ಹೇಳಬೇಡಿ. ಕಷ್ಟದ ಭಾಗ ಇದೇ: ಮಗು ತಪ್ಪು ಜೋಡಿಸುವಾಗ ನಮ್ಮ ಕೈ ತಾನಾಗಿ ಮುಂದೆ ಹೋಗುತ್ತದೆ. ಎರಡನೇ ದಿನ ಒಂದೇ ಒಂದು ಕೆಲಸ ತೋರಿಸಿಕೊಡಿ. ಮೂರನೇ, ನಾಲ್ಕನೇ ದಿನ ಅದನ್ನು ಮಗುವಿನ ಕೈಗೆಟುಕುವ ತಟ್ಟಿನಲ್ಲಿಟ್ಟು ಸುಮ್ಮನಿರಿ. ಐದನೇ ದಿನ ಅಜ್ಜಿಗೋ ಪಕ್ಕದ ಮನೆಯ ಮಗುವಿಗೋ ಇದನ್ನು ಹೇಗೆ ಆಡುವುದೆಂದು ತೋರಿಸಲು ಹೇಳಿ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ ಅಥವಾ ಮಲಯಾಳಂ ಆಡುವವರಾದರೆ ವಿವರಣೆ ಆ ಭಾಷೆಯಲ್ಲೇ ಬರಲಿ. ಕನ್ನಡದಲ್ಲಿ ಓದಿದ್ದನ್ನು ಮನೆಮಾತಿನಲ್ಲಿ ಹೇಳುವಾಗ ಬಾಯಿಪಾಠ ಮಾಡಿದ್ದು ಯಾವುದು, ಅರ್ಥವಾದದ್ದು ಯಾವುದು ಎಂದು ಬೇರೆಬೇರೆಯಾಗಿ ಕಾಣುತ್ತದೆ.

ಒಂದು ನೋಟುಬುಕ್ಕಿನಲ್ಲಿ ದಿನಕ್ಕೆ ನಾಲ್ಕು ಸಾಲು ಸಾಕು: ಯಾರು ಶುರು ಮಾಡಿದರು, ಎಷ್ಟು ನಿಮಿಷ, ಎಲ್ಲಿ ಸಿಕ್ಕಿಹಾಕಿಕೊಂಡಿತು, ಏನು ಪ್ರಶ್ನೆ ಕೇಳಿತು. ವಾರದ ಕೊನೆಗೆ ನಾಲ್ಕನೆಯ ಸಾಲು ಖಾಲಿ ಉಳಿದಿದ್ದರೆ ಆ ಸಾಮಾನು ಕೈಗೆ ಕೆಲಸ ಕೊಟ್ಟಿದೆ, ತಲೆಗೆ ಕೊಟ್ಟಿಲ್ಲ. ದೊಡ್ಡವರು ಪೂರ್ತಿ ಹೊತ್ತು ಕೂತಿರಲೇಬೇಕಾದ, ಒಂದು ತುಂಡು ಕಳೆದರೆ ಇಡೀ ಆಟವೇ ಕೆಡುವ ಸಾಮಾನನ್ನೂ ಕೈಬಿಡಿ. ಹಿಂದಿರುಗಿಸುವ ಗಡುವು ಎಷ್ಟು ದಿನ ಎಂದು ಕೊಳ್ಳುವ ಮುಂಚೆಯೇ ನೋಡಿಕೊಂಡು, ಅಲ್ಲಿಯವರೆಗೆ ಹೊರಗಿನ ರಟ್ಟಿನ ಡಬ್ಬಿ ಹರಿಯದಂತೆ ಇಟ್ಟುಕೊಳ್ಳಿ.

ಕೊಳ್ಳಬೇಕಾಗಿಲ್ಲದ್ದು: ಮಳೆಮಾಪಕ

ಕೊಡಗಿನಲ್ಲಿ ಮಗುವಿಗೆ ಕೊಡಬಹುದಾದ ಮೊದಲ ವಿಜ್ಞಾನದ ಸಾಮಾನು ಇದು. ಅಂಗಡಿಯ ಆಟದ ಮಳೆಮಾಪಕ ಕೊಳ್ಳುವ ಮುಂಚೆ ಅದರ ಗೀಟು ಎಲ್ಲಿಗೆ ನಿಲ್ಲುತ್ತದೆ ನೋಡಿ. 50 ಮಿ.ಮೀ.ಗೆ ನಿಂತಿದ್ದರೆ ಜುಲೈ ತಿಂಗಳಲ್ಲಿ ಒಂದೇ ರಾತ್ರಿಗೆ ತುಂಬಿ ಹರಿಯುತ್ತದೆ. ಮನೆಯಲ್ಲೇ ಮಾಡಿಕೊಳ್ಳುವುದು ಮೇಲು.

ಎರಡು ಲೀಟರಿನ ಸೋಡಾ ಬಾಟಲಿ ಬೇಕು. ನಡುವೆ ಸೊಂಟ ಇಲ್ಲದ, ನೇರ ಗೋಡೆಯದ್ದನ್ನು ಆರಿಸಿ. ಮೇಲ್ಭಾಗ ಕಿರಿದಾಗಲು ಶುರುವಾಗುವ ಜಾಗದಲ್ಲಿ ಸುತ್ತಲೂ ಕತ್ತರಿಸಿ, ಮುಚ್ಚಳ ತೆಗೆದು, ಆ ತುಂಡನ್ನು ಆಲಿಕೆಯಂತೆ ತಲೆಕೆಳಗಾಗಿ ಕೂರಿಸಿ. ಬುಡ ಉಬ್ಬುತಗ್ಗಾಗಿರುವುದರಿಂದ ಅಲ್ಲಿಂದ ಅಳೆಯುವಂತಿಲ್ಲ. ಸಣ್ಣ ಕಲ್ಲು ತುಂಬಿ ನೀರು ಹಾಕಿ ಮಟ್ಟ ಮಾಡುವವರಿದ್ದಾರೆ. ಹಾಗೆ ಮಾಡಿದಾಗ ಕಲ್ಲು ಸೊನ್ನೆ ಗೀಟಿನ ಮೇಲೆ ತಲೆ ಎತ್ತಿದರೆ ಮಳೆ ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ, ಬಿಸಿಲು ಬಂದರೆ ಸೊನ್ನೆಯ ನೀರೇ ಆರಿಹೋಗುತ್ತದೆ. ಅದರ ಬದಲು ಸ್ವಲ್ಪ ಸಿಮೆಂಟನ್ನು ತೆಳ್ಳಗೆ ಕಲಸಿ, ಗೋಡೆ ನೇರವಾಗುವ ಮಟ್ಟದವರೆಗೆ ಸುರಿದು, ಬಾಟಲಿಯನ್ನು ಮೆಲ್ಲಗೆ ತಟ್ಟಿ ಎರಡು ದಿನ ಬಿಡಿ. ಸಿಮೆಂಟಿನ ಕೆಲಸ ದೊಡ್ಡವರದ್ದು, ಮಕ್ಕಳ ಕೈಗೆ ಅದು ತಾಗಬಾರದು. ಬುಡ ಸಮತಟ್ಟಾಗುತ್ತದೆ, ಭಾರಕ್ಕೆ ಬಾಟಲಿ ಗಾಳಿಗೂ ಬೀಳುವುದಿಲ್ಲ. ಸಿಮೆಂಟಿನ ಮೇಲ್ಮೈಯೇ ಸೊನ್ನೆ. ಅಲ್ಲಿಂದ ಮಿಲಿಮೀಟರ್ ಸ್ಕೇಲಿನ ಪ್ರಕಾರ ಅಳಿಸದ ಮಾರ್ಕರಿನಲ್ಲಿ ಗೀಟು ಎಳೆದು, ಮೇಲೆ ಪಾರದರ್ಶಕ ಟೇಪ್ ಅಂಟಿಸಿ.

ಸರಿಯಾಗಿದೆಯೇ ಎಂದು ಮಗುವೇ ಪರೀಕ್ಷಿಸಲಿ. ಒಳವ್ಯಾಸ 11 ಸೆಂ.ಮೀ. ಇದ್ದರೆ ಸೊನ್ನೆಯಿಂದ 100 ಮಿ.ಮೀ. ಗೀಟಿಗೆ ಬರಲು ಸುಮಾರು 950 ಮಿ.ಲೀ. ನೀರು ಹಿಡಿಯಬೇಕು, 10.5 ಇದ್ದರೆ ಸುಮಾರು 865. ತುಂಬ ವ್ಯತ್ಯಾಸ ಬಂದರೆ ಗೋಡೆ ನೇರವಿಲ್ಲ, ಬಾಟಲಿ ಬದಲಿಸಿ.

ಮಾಪಕವನ್ನು ಮರದಡಿ ಇಡಬೇಡಿ. ಸಿಲ್ವರ್ ಮರದಿಂದ ಮಳೆ ನಿಂತು ಅರ್ಧ ಗಂಟೆಯಾದರೂ ಹನಿ ಬೀಳುತ್ತಿರುತ್ತದೆ. ಹಂಚಿನ ಮಾಡಿನ ಹತ್ತಿರವೂ ಬೇಡ. ಕಾಫಿ ಒಣಗಿಸುವ ಕಣ ಎಲ್ಲಕ್ಕಿಂತ ಒಳ್ಳೆಯ ಜಾಗ. ಅಲ್ಲಿ ಗೂಟಕ್ಕೆ ಕಟ್ಟಿ, ಬಾಯಿ ನೆಲದಿಂದ ಒಂದು ಅಡಿಗಿಂತ ತುಸು ಮೇಲಿರಲಿ; ಕೆಳಗಿದ್ದರೆ ಸಿಮೆಂಟ್ ನೆಲಕ್ಕೆ ಬಡಿದ ಹನಿ ಒಳಗೆ ಸಿಡಿಯುತ್ತದೆ. ಹವಾಮಾನ ಇಲಾಖೆಯಂತೆ ಬೆಳಿಗ್ಗೆ 8.30ಕ್ಕೆ ಓದಿ, ಕಣ್ಣನ್ನು ನೀರಿನ ಮಟ್ಟಕ್ಕೆ ತಗ್ಗಿಸಿ, ನೀರಿನ ಬಾಗಿದ ಮೇಲ್ಮೈಯ ತಳವನ್ನು ನೋಡಿ. ಬಿರುಮಳೆಯ ದಿನ ಸಂಜೆಯೂ ಒಮ್ಮೆ ಓದಿ ಚೆಲ್ಲಿ, ಎರಡನ್ನೂ ಕೂಡಿಸಬೇಕು.

ಇಲ್ಲಿಂದ ಗಣಿತ ತಾನಾಗಿ ಹುಟ್ಟುತ್ತದೆ. ನಮ್ಮ ತೋಟಗಳಲ್ಲಿ ಮಳೆಯನ್ನು ಇಂಚು, ಸೆಂಟುಗಳಲ್ಲಿ ಹೇಳುತ್ತಾರೆ: 100 ಸೆಂಟಿಗೆ ಒಂದು ಇಂಚು, ಒಂದು ಇಂಚಿಗೆ 25.4 ಮಿ.ಮೀ. ಪಕ್ಕದ ತೋಟದವರು ‘ಎರಡು ಇಂಚು ನಲವತ್ತು ಸೆಂಟು’ ಎಂದರೆ ಅದು 2.40 ಇಂಚು, ಸುಮಾರು 61 ಮಿ.ಮೀ. ದಶಮಾಂಶ ಕಲಿಸಲು ಇದಕ್ಕಿಂತ ಒಳ್ಳೆಯ ದಾರಿ ಕೊಡಗಿನಲ್ಲಿಲ್ಲ, ಏಕೆಂದರೆ ಆ ಲೆಕ್ಕ ಇಲ್ಲಿ ಎಲ್ಲರಿಗೂ ನಿಜವಾಗಿಯೂ ಬೇಕಾದದ್ದು. ಭಾಗಮಂಡಲದ ಕಡೆ ಮತ್ತು ಕುಶಾಲನಗರದ ಕಡೆ ನೆಂಟರಿದ್ದರೆ ಅವರ ಮನೆಗೂ ಒಂದೊಂದು ಮಾಡಿಕೊಡಿ. ಒಂದೇ ಜಿಲ್ಲೆಯಲ್ಲಿ ಮಳೆ ಎಷ್ಟು ಪಟ್ಟು ವ್ಯತ್ಯಾಸ ಎಂಬುದನ್ನು ಮಕ್ಕಳೇ ಗ್ರಾಫ್ ಹಾಳೆಯಲ್ಲಿ ಕಾಣಲಿ.

ಕೊಳ್ಳಬಹುದಾದದ್ದು: ಕಾಗದದ ಸೂಕ್ಷ್ಮದರ್ಶಕ

ಸ್ಟ್ಯಾನ್‌ಫರ್ಡ್‌ನಲ್ಲಿ ಮನು ಪ್ರಕಾಶ್ ಮತ್ತು ತಂಡ ರೂಪಿಸಿದ ಫೋಲ್ಡ್‌ಸ್ಕೋಪ್ ಸುಮಾರು 140 ಪಟ್ಟು ಹಿಗ್ಗಿಸಿ ತೋರಿಸುತ್ತದೆ. ಎಂಟು ವರ್ಷದ ಮೇಲಿನ ಮಕ್ಕಳಿಗೆ ಸರಿ. ಮಡಚಿ ಜೋಡಿಸಲು ಒಂದು ಗಂಟೆ ಇಟ್ಟುಕೊಳ್ಳಿ. ಪ್ರತಿ ಮಡಿಕೆಯನ್ನೂ ಮೊದಲೇ ಉಗುರಿನಿಂದ ಎರಡೆರಡು ಸಲ ತೀಡಿಟ್ಟರೆ ಆಮೇಲೆ ಜಗಳವಿಲ್ಲ.

ಮೊದಲು ನೋಡಬೇಕಾದದ್ದು ಕಾಫಿ ಎಲೆಯ ಉಸಿರುರಂಧ್ರ, ಪುಸ್ತಕದ ‘ಪತ್ರರಂಧ್ರ’. ಎಲೆಯ ಅಡಿಭಾಗವನ್ನು ಒರೆಸಿ ಒಣಗಿಸಿ, ಹೆಬ್ಬೆರಳಿನ ಉಗುರಿನಷ್ಟು ಜಾಗಕ್ಕೆ ಬಣ್ಣವಿಲ್ಲದ ನೇಲ್ ಪಾಲಿಶ್ ತೆಳ್ಳಗೆ ಹಚ್ಚಿ. ಹದಿನೈದು ನಿಮಿಷ ಒಣಗಲಿ, ಮಳೆಗಾಲವಾದರೆ ಅರ್ಧ ಗಂಟೆ. ಮೇಲೆ ಪಾರದರ್ಶಕ ಟೇಪ್ ಒತ್ತಿ ಮೆಲ್ಲಗೆ ಎತ್ತಿದರೆ ಪೊರೆ ಟೇಪಿಗೆ ಅಂಟಿ ಬರುತ್ತದೆ. ಅದನ್ನು ಸ್ಲೈಡಿಗೆ ಅಂಟಿಸಿ. ಪುಟ್ಟ ಬಾಯಿಗಳು ಅಲ್ಲಲ್ಲಿ ಚದುರಿದಂತೆ ಕಾಣುತ್ತವೆ. ಈಗ ಎಲೆಯ ಮೇಲ್ಭಾಗದಿಂದಲೂ ಒಂದು ಪೊರೆ ತೆಗೆಸಿ. ಒಂದೂ ಬಾಯಿ ಕಾಣುವುದಿಲ್ಲ, ಕಾಫಿಗೆ ಅವು ಅಡಿಭಾಗದಲ್ಲಿ ಮಾತ್ರ ಇವೆ. ಯಾಕೆ ಎಂದು ಮಗು ಕೇಳುವವರೆಗೆ ಕಾಯಿರಿ.

ಪೊರೆ ಹರಿದು ಬಂದರೆ ಪಾಲಿಶ್ ಒಣಗಿಲ್ಲ. ಬರೀ ಬಿಳಿ ಮಂಜು ಕಂಡರೆ ದಪ್ಪ ಹಚ್ಚಿದ್ದೀರಿ ಅಥವಾ ಮಸೂರಕ್ಕೆ ಬೆರಳು ತಾಗಿದೆ. ಒಣಗಿದ ಮೆತ್ತನೆಯ ಹತ್ತಿಬಟ್ಟೆಯಿಂದ ಒತ್ತಡವಿಲ್ಲದೆ ಒರೆಸಿ. ಏನೂ ಕಾಣದಿದ್ದರೆ ಸಾಮಾನ್ಯವಾಗಿ ಮಗು ಕಣ್ಣನ್ನು ದೂರ ಇಟ್ಟಿರುತ್ತದೆ. ರೆಪ್ಪೆಗೂದಲು ತಾಗುವಷ್ಟು ಹತ್ತಿರ ಹಿಡಿಯಬೇಕು. ಮೋಡದ ದಿನ ಟಾರ್ಚಿನ ಮುಂದೆ ಬಿಳಿ ಕಾಗದ ಹಿಡಿದು ಆ ಬೆಳಕಿನಲ್ಲಿ ನೋಡಿ. ಸೂರ್ಯನ ಕಡೆಗೆ ಎಂದೂ ತಿರುಗಿಸಬಾರದು, ಇದು ಮನೆಯ ಕಟ್ಟುನಿಟ್ಟಿನ ನಿಯಮವಾಗಲಿ.

ಓದು, ಆ್ಯಪು

ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಮಕ್ಕಳ ಕಥೆಗಳು ಹಂತ ಹಂತವಾಗಿ, ಉಚಿತವಾಗಿ ಸಿಗುತ್ತವೆ. ಮುದ್ರಿಸಿಕೊಳ್ಳಲೂ ಅಡ್ಡಿಯಿಲ್ಲ. ನೆಟ್‌ವರ್ಕ್ ಸಿಗುವ ಪೇಟೆಗೆ ಹೋದಾಗ ಒಂದೇ ಸಲಕ್ಕೆ ಹತ್ತು ಕಥೆ ಇಳಿಸಿಕೊಳ್ಳಿ. ಮಗು ಒಂದು ಪುಟದಲ್ಲಿ ಐದಕ್ಕಿಂತ ಹೆಚ್ಚು ಪದಗಳಲ್ಲಿ ತಡವರಿಸಿದರೆ ಒಂದು ಹಂತ ಕೆಳಗಿಳಿಸಿ. ಹಕ್ಕಿಯ ಕೂಗು ಗುರುತಿಸುವ ಮರ್ಲಿನ್ ಆ್ಯಪ್‌ಗೂ ಮುಂಚೆಯೇ ನಮ್ಮ ಕಡೆಯ ಹಕ್ಕಿಗಳ ಪ್ಯಾಕ್ ಇಳಿಸಿಟ್ಟರೆ ತೋಟದಲ್ಲಿ ಇಂಟರ್ನೆಟ್ ಇಲ್ಲದೆ ನಡೆಯುತ್ತದೆ. ಜೀರುಂಡೆ ಕಿರಿಚುವ ಹೊತ್ತಿನಲ್ಲಿ ಅದು ತಪ್ಪು ಹೇಳುವುದು ಹೆಚ್ಚು, ಆದ್ದರಿಂದ ಕಣ್ಣಿಗೂ ಕಂಡ ಹಕ್ಕಿಯನ್ನು ಮಾತ್ರ ಪಟ್ಟಿಗೆ ಸೇರಿಸಿ. ಆನೆ ಓಡಾಡುವ ತೋಟಗಳಲ್ಲಿ ಹಕ್ಕಿ ನೋಡಲು ನಸುಕಿಗೇ ಹೊರಡಬೇಡಿ. ಪೂರ್ತಿ ಬೆಳಕು ಹರಿದ ಮೇಲೆ, ರಾತ್ರಿ ಆನೆ ಬಂದಿತ್ತೇ ಎಂದು ಲೈನ್ ಮನೆಗಳಲ್ಲಿರುವ ತೋಟದ ಕೆಲಸಗಾರರನ್ನು ವಿಚಾರಿಸಿಕೊಂಡೇ ಹೋಗಿ.

ನಕ್ಷೆ ಹಿಡಿದು ತಲಕಾವೇರಿಗೆ

ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆಗಳನ್ನು ಆನ್‌ಲೈನಿನಲ್ಲಿ ಉಚಿತವಾಗಿ ಇಳಿಸಿಕೊಳ್ಳಬಹುದು. ಈ ಅಳತೆಯಲ್ಲಿ 2 ಸೆಂ.ಮೀ. ಎಂದರೆ ಒಂದು ಕಿ.ಮೀ. ಭಾಗಮಂಡಲದಿಂದ ತಲಕಾವೇರಿಯ ರಸ್ತೆಯ ಮೇಲೆ ಒದ್ದೆ ನೂಲನ್ನು ತಿರುವು ತಿರುವಿಗೂ ಕೂರಿಸಿ, ಎತ್ತಿ ನೆಟ್ಟಗೆ ಮಾಡಿ ಸ್ಕೇಲಿನಲ್ಲಿ ಅಳೆಯಲಿ. ಒಣ ನೂಲು ಜಾರುತ್ತದೆ. ಪ್ರಯಾಣದ ದಿನ ಗಾಡಿಯ ಮೀಟರಿನೊಂದಿಗೆ ಹೋಲಿಸಿ. ನೂಲಿನ ಲೆಕ್ಕ ತುಸು ಕಡಿಮೆ ಬರುವುದು ಸಹಜ, ಸಣ್ಣ ತಿರುವುಗಳು ನಕ್ಷೆಯಲ್ಲಿ ಸವೆದುಹೋಗಿರುತ್ತವೆ. ಅರ್ಧಕ್ಕರ್ಧ ತಪ್ಪು ಬಂದರೆ ದೋಷ ಮುದ್ರಣದ್ದು: ಜೆರಾಕ್ಸ್ ಅಂಗಡಿಯಲ್ಲಿ ಹಾಳೆಗೆ ಹೊಂದುವಂತೆ ಕುಗ್ಗಿಸಿರುತ್ತಾರೆ. ‘ಅಳತೆ ಬದಲಿಸಬೇಡಿ’ ಎಂದು ಹೇಳಿ ಮಾಡಿಸಿ, ನಕ್ಷೆಯ ಅಂಚಿನ ಅಳತೆಪಟ್ಟಿಯನ್ನು ಅಲ್ಲೇ ಸ್ಕೇಲಿಟ್ಟು ನೋಡಿ.

ಅದೇ ನಕ್ಷೆಯ ಎತ್ತರದ ಗೆರೆಗಳು 20 ಮೀಟರಿಗೊಂದು. ಗೆರೆಗಳು ಒತ್ತೊತ್ತಾಗಿರುವ ಕಡೆ ಗಾಡಿ ಯಾವ ಗೇರಿನಲ್ಲಿ ಹತ್ತುತ್ತದೆ ಎಂದು ಮಗು ಬರೆದುಕೊಳ್ಳಲಿ. ಭಾಗಮಂಡಲದ ಸಂಗಮದಲ್ಲಿ ಸೇರುವ ಕಾವೇರಿ, ಕನ್ನಿಕೆ ನದಿಗಳನ್ನು ನಕ್ಷೆಯ ನೀಲಿ ಗೆರೆಗಳಲ್ಲಿ ಮೊದಲು ಹುಡುಕಿ, ಆಮೇಲೆ ಕಣ್ಣಲ್ಲಿ ನೋಡಲಿ. ಮನೆಗೆ ಬಂದ ಮೇಲೆ ಇನ್ನೊಂದು ಕೆಲಸ: ಬಂಗಾಳ ಕೊಲ್ಲಿಗೆ ಹೋಗುವ ಕಾವೇರಿಯ ಹಳ್ಳಗಳಿಗೆ ಒಂದು ಬಣ್ಣ, ಕೊಡಗಿನ ಬೆಟ್ಟಗಳಲ್ಲೇ ಹುಟ್ಟಿ ಸುಳ್ಯದ ಕಡೆ ಇಳಿದು ಅರಬ್ಬೀ ಸಮುದ್ರ ಸೇರುವ ಪಯಸ್ವಿನಿಯ ಹಳ್ಳಗಳಿಗೆ ಇನ್ನೊಂದು. ಇದಕ್ಕೆ ಅಕ್ಕಪಕ್ಕದ ಹಾಳೆಗಳನ್ನೂ ಜೋಡಿಸಿಕೊಳ್ಳಬೇಕು. ಎರಡು ಬಣ್ಣದ ನಡುವೆ ಉಳಿಯುವ ಗೆರೆಯೇ ನೀರು ಇಬ್ಭಾಗವಾಗುವ ಏಣು.

ಬೂಷ್ಟಿನಿಂದ ಕಾಪಾಡುವುದು

ಬೇರೆ ಊರಿನ ವಿಮರ್ಶೆ ಓದಿ ಕೊಂಡ ಸಾಮಾನು ಇಲ್ಲಿ ಒಂದು ಮಳೆಗಾಲಕ್ಕೆ ಕೆಡುವುದುಂಟು. ರಟ್ಟಿನ ಪಜಲ್ ಉಬ್ಬಿ ತುಂಡುಗಳು ಕೂರುವುದಿಲ್ಲ, ಅಯಸ್ಕಾಂತ ಮತ್ತು ಸ್ಕ್ರೂ ತುಕ್ಕು ಹಿಡಿಯುತ್ತವೆ, ಒಳಗೇ ಬಿಟ್ಟ ಬ್ಯಾಟರಿ ಸೋರುತ್ತದೆ. ಆದ್ದರಿಂದ ಒಂದೇ ಗುಣಮಟ್ಟದ ಎರಡರಲ್ಲಿ ಮರದ್ದೋ ಪ್ಲಾಸ್ಟಿಕ್ಕಿನದ್ದೋ ಆರಿಸಿ. ಕಾರ್ಡುಗಳನ್ನು ಬೇಸಿಗೆಯಲ್ಲೇ ಲ್ಯಾಮಿನೇಟ್ ಮಾಡಿಸಿ, ಸುತ್ತಲೂ 3 ಮಿ.ಮೀ. ಅಂಚು ಬಿಟ್ಟು ಕತ್ತರಿಸಿ; ಕಾಗದದ ಅಂಚಿಗೇ ಕತ್ತರಿಸಿದರೆ ತೇವ ಒಳಗೆ ನುಗ್ಗುತ್ತದೆ. ಮೇ ಕೊನೆಗೆ ಎಲ್ಲವನ್ನೂ ಒಂದು ದಿನ ಬಿಸಿಲಿಗೆ ಹರಡಿ, ಬ್ಯಾಟರಿ ತೆಗೆದು, ಬಿಗಿ ಮುಚ್ಚಳದ ಡಬ್ಬಿಗೆ ತುಂಬಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಅದಿಲ್ಲದಿದ್ದರೆ ಹುರಿದು ಆರಿಸಿದ ಒಂದು ಹಿಡಿ ಅಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿಡಿ, ಹದಿನೈದು ದಿನಕ್ಕೊಮ್ಮೆ ಬದಲಿಸಿ.

ಮಗುವಿಗೆ ಹಿಡಿಸದ ಸಾಮಾನನ್ನು ಇನ್ನೊಂದು ಮನೆಗೆ ಅದಲು ಬದಲು ಮಾಡಿಕೊಳ್ಳಬಹುದು, ಅಲ್ಲಿನ ಮಗುವಿಗೆ ಅದೇ ಹಿಡಿಸೀತು. ಕೊಡುವ ಮುಂಚೆ ಮುಚ್ಚಳದ ಒಳಗೆ ಬಿಡಿಭಾಗಗಳ ಪಟ್ಟಿ ಅಂಟಿಸಿ: ಮಣಿ 100, ಕ್ಲಿಪ್ 2, ಹೀಗೆ. ಎರಡೂ ಮನೆಯ ಮಕ್ಕಳು ಎದುರೆದುರು ಕೂತು ಎಣಿಸಿ ತಾರೀಖು ಹಾಕಲಿ, ವಾಪಸ್ ಬರುವಾಗಲೂ ಹಾಗೆಯೇ.