ಪ್ರೊಸೆಸರ್ ಬಿಸಿಯಾದರೆ ಮೊದಲು ಕೂಲರ್ ಪಿನ್ ನೋಡಿ

ರಾಯಚೂರಿನ ಮೇ ತಿಂಗಳ ಬಿಸಿಲು ಗೊತ್ತಲ್ವಾ? ನನ್ನ ಡಿಟಿಪಿ ಅಂಗಡಿಯ ಕಂಪ್ಯೂಟರ್ ಲಗ್ನಪತ್ರಿಕೆ ಮಾಡುವಾಗಲೇ ಪದೇ ಪದೇ ಆಫ್ ಆಗತೊಡಗಿತು.

ನಿಮ್ಮದೂ ಹೀಗಾದರೆ ಮೊದಲು ಬಿಸಿ ಎಷ್ಟಿದೆ ನೋಡಿ. ‘ಕೋರ್ ಟೆಂಪ್’ ಎಂಬ ಉಚಿತ ಸಾಫ್ಟ್‌ವೇರ್ ಸಾಕು. ನನ್ನ ಐ5-8400 ಪ್ರೊಸೆಸರ್ ಸುಮ್ನೆ ಇದ್ದಾಗಲೇ 78 ಡಿಗ್ರಿ, ಕೆಲಸ ಕೊಟ್ಟರೆ 100. ಅಲ್ಲಿಗೆ ಮುಟ್ಟಿದರೆ ಅದು ತಾನೇ ವೇಗ ಇಳಿಸಿಕೊಳ್ಳುತ್ತದೆ, ಅದೂ ಸಾಲದಿದ್ದರೆ ಕಂಪ್ಯೂಟರ್ ಆಫ್ ಆಗುತ್ತದೆ.

ಪ್ಲಗ್ ಕಿತ್ತು ದೂಳು ತೆಗೆಯಿರಿ. ಬ್ಲೋವರ್ ಹಿಡಿಯುವಾಗ ಫ್ಯಾನ್ ತಿರುಗದಂತೆ ಬೆರಳಿಂದ ತಡೆಯಿರಿ. ನನಗೆ ಇದರಿಂದ ಇಳಿದದ್ದು ಬರೀ 5 ಡಿಗ್ರಿ.

ನಿಜವಾದ ತೊಂದರೆ ಕೂಲರ್‌ನಲ್ಲಿತ್ತು, ಅಂದರೆ ಪ್ರೊಸೆಸರ್ ಮೇಲೆ ಕೂತು ಅದನ್ನು ತಂಪಾಗಿಡುವ ಫ್ಯಾನ್ ಸಮೇತದ ಭಾಗದಲ್ಲಿ. ಅದರ ನಾಲ್ಕು ಪಿನ್‌ಗಳಲ್ಲಿ ಒಂದು ಮದರ್‌ಬೋರ್ಡಿನಲ್ಲಿ ಸರಿಯಾಗಿ ಕೂತಿರಲಿಲ್ಲ. ಕೂಲರ್ ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಎದ್ದಿತ್ತು. ಅಷ್ಟೇ ಸಾಕು, ಪ್ರೊಸೆಸರ್‌ನ ಶಾಖ ಕೂಲರ್‌ಗೆ ಸರಿಯಾಗಿ ಹೋಗುವುದಿಲ್ಲ. ಹೊರಗಿನಿಂದ ನೋಡಿದರೆ ಇದು ಕಾಣುವುದೂ ಇಲ್ಲ. ಮೆಲ್ಲಗೆ ಅಲ್ಲಾಡಿಸಿ ನೋಡಬೇಕು.

ಪಿನ್‌ಗಳನ್ನು ಬಾಣದ ಗುರುತಿನ ಕಡೆಗೆ ತಿರುಗಿಸಿ, ಮೇಲೆಳೆದು ಕೂಲರ್ ಬಿಚ್ಚಿ. ಪ್ರೊಸೆಸರ್‌ನಿಂದ ಕೂಲರ್‌ಗೆ ಶಾಖ ದಾಟಿಸಲು ಹಚ್ಚಿರುವ, ಈಗ ಒಣಗಿದ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಹೊಸ ಥರ್ಮಲ್ ಪೇಸ್ಟ್ ಪ್ರೊಸೆಸರ್‌ನ ನಟ್ಟನಡುವೆ ಒಂದು ಬಟಾಣಿಯಷ್ಟು ಸಾಕು, ಜಾಸ್ತಿ ಬೇಡ. ಆಮೇಲೆ ಪಿನ್‌ಗಳನ್ನು ಮೊದಲಿನ ಸ್ಥಾನಕ್ಕೆ ತಿರುಗಿಸಿ, ಎದುರು ಮೂಲೆಯ ಎರಡೆರಡನ್ನು ಒಟ್ಟಿಗೆ ಒತ್ತಿ. ‘ಟಕ್’ ಅನ್ನುವ ಸದ್ದು ನಾಲ್ಕು ಸಲ ಕೇಳಲೇಬೇಕು. ಫ್ಯಾನ್ ವೈರ್ ಮತ್ತೆ ಚುಚ್ಚುವುದನ್ನು ಮರೆಯಬೇಡಿ.

ಈಗ ಅಂಗಡಿಯೊಳಗೇ 38 ಡಿಗ್ರಿ ಇದ್ದರೂ ನನ್ನದು ಸುಮ್ನೆ ಇದ್ದಾಗ 52, ಡಿಸೈನ್ ಸಾಫ್ಟ್‌ವೇರ್ ಕೋರೆಲ್‌ಡ್ರಾ ನಡೆಯುವಾಗ 74.